ಕೈಯ ಗುರುತು

ಆಟವನ್ನು ಆಡುವದು ಬೇರೆ, ಆಟವನ್ನು ಕಟ್ಟುವದು ಬೇರೆ. ಆಡುವವನಿಗೆ ತನ್ನ ಕೈಯೊಂದರ ಚಿಂತೆ ಸಾಕು. ಕಟ್ಟುವವನಾದರೋ ಇತರರ ಕೈಗಳ ಚಿಂತೆಯನ್ನೂ ಮಾಡಬೇಕಾಗುವದು. ಬೆಟಗೇರಿಯ ನೇಕಾರರ ಮನೆಯ ಹುಡುಗನೊಬ್ಬನಿಗೆ ಈ ಮಾತು ಮನಗಾಣಲು ಒಂದು ದೀಪಾವಳಿಯೇ ಬೇಕಾಯಿತು.

ಆ ಮನೆಯ ಪಡಸಾಲೆಯಲ್ಲಿ ಮಗ್ಗವಿತ್ತು. ತಂದೆ ನೇಯುವನು, ತಾಯಿ ಕಂಡಿಕೆ ಸುತ್ತುವಳು. ಹುಡುಗನು ಮಾತ್ರ ವಿದ್ಯುತ್ತಿನ ವಿದ್ಯೆಯನ್ನು ಕಲಿಯುತ್ತಿದ್ದನು. ಮಗ್ಗದ ಕಷ್ಟ ತಮ್ಮೊಂದಿಗೇ ಮುಗಿಯಲೆಂದು ತಂದೆತಾಯಿಗಳ ಆಸೆ. ಆ ಆಸೆಯನ್ನು ಮಗನು ತನಗೆ ಬೇಕಾದಂತೆ ಅರ್ಥಮಾಡಿಕೊಂಡಿದ್ದನು: ಮಗ್ಗದಿಂದ ಕಲಿಯತಕ್ಕದ್ದು ತನಗೇನೂ ಇಲ್ಲವೆಂದು ಅವನ ಭಾವನೆ.

ಹಬ್ಬಕ್ಕೆ ದೀಪಗಳ ಆಟವೊಂದನ್ನು ಕಟ್ಟಬೇಕೆಂದು ಅವನು ಮನಸ್ಸು ಮಾಡಿದನು. ಇಂಥ ಆಟಗಳು ಹೊಸವಲ್ಲ. 1950ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಪ್ರದರ್ಶನದಲ್ಲಿ ಜೋಸೆಫ್ ಕೇಟ್ಸ್ ಎಂಬವನು ಸುಮಾರು 4 ಮೀಟರು ಎತ್ತರದ ಯಂತ್ರವೊಂದನ್ನು ನಿಲ್ಲಿಸಿದ್ದನು. ಅದು ವಿದ್ಯುದ್ದೀಪಗಳನ್ನು ಬೆಳಗಿಸಿ, ಬಂದ ಜನರೊಡನೆ ಸೊನ್ನೆ-ಗುಣಾಕಾರದ ಆಟವಾಡುತ್ತಿತ್ತು. 1978ರಲ್ಲಿ ಅಮೇರಿಕದಲ್ಲಿ ಹೊರಬಿದ್ದ ‘ಸೈಮನ್’ ಎಂಬ ಆಟದಲ್ಲಿ ನಾಲ್ಕು ಬಣ್ಣದ ದೀಪಗಳು ಬೆಳಗಿದ ಕ್ರಮವನ್ನು ನೆನಪಿಟ್ಟು, ಅದರಂತೆಯೇ ಒತ್ತಬೇಕಾಗುತ್ತಿತ್ತು. ಅಂದು ಆಳೆತ್ತರವನ್ನು ಮೀರಿದ ಯಂತ್ರದಿಂದ ಆಗುತ್ತಿದ್ದ ಕೆಲಸವು ಈಗ ಅಂಗೈಯಗಲದ ಫಲಕದಿಂದ ಆಗುವದು. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೊ ಅಂಥದೊಂದು ಫಲಕವು. ಹುಡುಗನು ಅದನ್ನೇ ತರಿಸಿಕೊಂಡನು.

ಒಂದು ಹಲಗೆಯಲ್ಲಿ ಎಂಟು ತೂತುಗಳನ್ನು ಕೊರೆದು ಎಂಟು ಎಲ್‌ಇಡಿ ದೀಪಗಳನ್ನು ಕೂಡ್ರಿಸಿದನು. ಪ್ರತಿಯೊಂದು ದೀಪದ ಕೆಳಗೆ ತಾಮ್ರದ ಎರಡು ಸಣ್ಣ ಪಟ್ಟಿಗಳನ್ನು, ಒಂದಕ್ಕೊಂದು ತಾಗದಂತೆ ಅಂಟಿಸಿದನು. ಬೆರಳು ಎರಡನ್ನೂ ಮುಟ್ಟಿದೊಡನೆ ಚರ್ಮದ ಮೂಲಕ ಅತ್ಯಲ್ಪ ವಿದ್ಯುತ್ತು ಹರಿದು ಫಲಕಕ್ಕೆ ಸುದ್ದಿ ಮುಟ್ಟುವದು. ಬ್ಯಾಟರಿಯ 5 ವೋಲ್ಟಿನ ಪ್ರವಾಹವಾದ್ದರಿಂದ ಅಪಾಯವಿಲ್ಲ. ಹೊತ್ತಿದ ದೀಪವು ಆರುವದರೊಳಗೆ ಅದರ ಪಟ್ಟಿಗಳನ್ನು ಮುಟ್ಟಿದರೆ ಒಂದು ಗುಣ. ಆಟ ಮುಂದುವರಿದಂತೆ ದೀಪಗಳ ವೇಗವು ಹೆಚ್ಚುವದು.

ಮೊದಲ ದೋಷವನ್ನು ಕಂಡುಹಿಡಿದವಳು ತಾಯಿ. ಕಂಡಿಕೆ ಸುತ್ತುತ್ತ ಕುಳಿತಲ್ಲಿಂದಲೇ ಎರಡು ಆಟಗಳನ್ನು ನೋಡಿ, “ತಮ್ಮಾ, ಮೊದಲಿನ ಅಂಚೇ ಮತ್ತ ಬಂತಲ್ಲೊ!” ಎಂದಳು. ಹುಡುಗನು ನಕ್ಕನು, ಆ ಬಳಿಕ ಬರೆದುಕೊಂಡು ನೋಡಿದನು. ಅವಳ ಮಾತೇ ನಿಜವಾಗಿತ್ತು. ಫಲಕವು ಮನಸ್ಸಿಗೆ ಬಂದಂತೆ ಆರಿಸುವದಿಲ್ಲ. ಒಂದು ಲೆಕ್ಕವನ್ನು ಹಿಡಿದು ನಡೆಯುವದು. ಲೆಕ್ಕದ ಆರಂಭ ಒಂದೇ ಆದರೆ ದೀಪಗಳ ಸಾಲೂ ಒಂದೇ. ಜಕಾರ್ಡ್ ಮಗ್ಗದ ರಟ್ಟುಗಳಲ್ಲಿ ರಂಧ್ರವಿದ್ದಲ್ಲಿ ಎಳೆ ಏಳುವದು, ಇಲ್ಲದಲ್ಲಿ ಏಳದು; ರಟ್ಟುಗಳ ಸರ ಸುತ್ತಿ ಬಂದೊಡನೆ ಮೊದಲಿನ ಹೂವೇ ಮೂಡುವದು. ಆ ಹೂವುಗಳನ್ನು ನೋಡುತ್ತ ಬಾಳಿದ ಕಣ್ಣಿಗೆ ದೀಪಗಳ ಗುಟ್ಟು ಅಡಗಿರಲಿಲ್ಲ. ಆಡುವವನು ಮೊದಲ ಸಲ ಮುಟ್ಟಿದ ಗಳಿಗೆಯನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಎಣಿಸಿ, ಆ ಅಂಕಿಯಿಂದಲೇ ಲೆಕ್ಕ ಆರಂಭವಾಗುವಂತೆ ಹುಡುಗನು ತಿದ್ದಿದನು.

ಹಬ್ಬಕ್ಕೆ ಲಕ್ಷ್ಮೇಶ್ವರದಿಂದಲೂ ಮುಂಡರಗಿಯಿಂದಲೂ ನೆಂಟರು ಬಂದರು. ಮಕ್ಕಳ ಗದ್ದಲವೇ ಗದ್ದಲ. ಎಲ್ಲರ ಆಟ ಮುಗಿದ ತರುವಾಯ ಹಿರಿಯರೊಬ್ಬರು ತಂದೆಯನ್ನು ಹಲಗೆಯ ಮುಂದೆ ಕೂಡ್ರಿಸಿದರು. ದೀಪ ಹೊತ್ತಿತು. ಅವನು ಸರಿಯಾದ ಸ್ಥಳವನ್ನೇ, ಸರಿಯಾದ ಹೊತ್ತಿಗೇ ಮುಟ್ಟಿದನು, ಗುಣ ಬೀಳಲಿಲ್ಲ. ಇನ್ನೊಮ್ಮೆ ಒತ್ತಿ ಮುಟ್ಟಿದನು; ಆಗಲೂ ಇಲ್ಲ. “ನಿನ್ನ ಗುರುತೇ ಇಲ್ಲಲ್ಲಪಾ ಇದಕ್ಕ!” ಎಂದು ಯಾರೋ ನಗೆಯಾಡಿದರು. ತಂದೆಯೂ ನಕ್ಕು ಎದ್ದನು. ನಗದವನು ಮಗನೊಬ್ಬನೇ.

ಕಾರಣವು ಅವನಿಗೆ ಕೂಡಲೆ ಹೊಳೆಯಿತು. ಬೆವರಿನ ಪಸೆಯಿದ್ದ ಚರ್ಮದ ರೋಧವು ಕೆಲವು ಸಾವಿರ ಓಮ್‌ಗಳಿಗೆ ಇಳಿಯಬಹುದು; ಒಣಗಿ ದಡ್ಡುಗಟ್ಟಿದ ಚರ್ಮದ ರೋಧವು ಒಂದು ಲಕ್ಷವನ್ನೂ ಮೀರಬಹುದು. ಅವನು ಪರೀಕ್ಷೆ ಮಾಡಿದ್ದೆಲ್ಲ ತನ್ನ ಮೆತ್ತಗಿನ ಬೆರಳುಗಳಿಂದ. ಆ ಬೆರಳುಗಳು ಮೆತ್ತಗಿದ್ದುದಾದರೂ ತಂದೆಯ ಬೆರಳುಗಳು ದಡ್ಡುಗಟ್ಟಿದ್ದರಿಂದಲೇ ಅಲ್ಲವೆ? ತನ್ನ ವಿದ್ಯೆಗೆ ಅನ್ನವಿಕ್ಕಿದ ಕೈಯನ್ನೇ ತನ್ನ ಯಂತ್ರವು ಕೈಯೆಂದು ಒಪ್ಪಲಿಲ್ಲ! ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ.

ನೆಂಟರು ಹೋದ ಬಳಿಕ ಅವನು ಪಟ್ಟಿಗಳನ್ನೆಲ್ಲ ಕಿತ್ತನು. ಪ್ರತಿಯೊಂದು ದೀಪಕ್ಕೆ ಒಂದೊಂದೇ ಅಗಲವಾದ ತಾಮ್ರದ ತಗಡನ್ನಿಟ್ಟು, ಹತ್ತು ಲಕ್ಷ ಓಮ್‌ಗಳ ರೋಧಕದ ಮೂಲಕ ಫಲಕಕ್ಕೆ ಜೋಡಿಸಿದನು. ಈ ಬಗೆಯಲ್ಲಿ ವಿದ್ಯುತ್ತು ಚರ್ಮದೊಳಗಿಂದ ಹರಿದು ಸುತ್ತಿಬರಬೇಕಾದುದಿಲ್ಲ. ಕೈ ಹತ್ತಿರ ಬಂದರೆ ತಗಡು ತುಂಬಿಕೊಳ್ಳುವ ವಿದ್ಯುತ್ತು ತುಸು ಹೆಚ್ಚುವದು, ತುಂಬಲು ತುಸು ಹೆಚ್ಚು ಹೊತ್ತು ಹಿಡಿಯುವದು. ಫಲಕವು ಆ ಹೊತ್ತನ್ನು ಅಳೆಯುವದು. ಕೈ ಒರಟಾಗಿದ್ದರೂ, ನಡುವೆ ತೆಳುವಾದ ಹೊದಿಕೆಯಿದ್ದರೂ ಅಡ್ಡಿಯಿಲ್ಲ. ಹೊದಿಕೆಗೆ ಅವನು ಮಗ್ಗದ ಬಳಿ ಬಿದ್ದಿದ್ದ ಸೀರೆಯ ತುಂಡೊಂದನ್ನು ಆರಿಸಿ ಹಲಗೆಗೆ ಬಿಗಿದನು.

ಒಂದು ಸಂಜೆ ತಂದೆಯನ್ನು ಕರೆದನು. ತಂದೆಯು ಮೊದಲು ಬಟ್ಟೆಯ ಮೇಲೆ ಕೈಯಾಡಿಸಿ, “ಇದು ನಮ್ಮ ಮಗ್ಗದ್ದಲ್ಲೊ!” ಎಂದನು. ಆಮೇಲೆ ಆಡಿದನು. ಹನ್ನೊಂದು ಗುಣಗಳಾದವು. ಮಕ್ಕಳಲ್ಲಿ ಮೂವತ್ತನ್ನು ದಾಟಿದವರಿದ್ದರು; ಹನ್ನೊಂದು ದೊಡ್ಡ ಅಂಕಿಯೇನೂ ಅಲ್ಲ.

“ಕಂಡಿಕಿ ಆದುವೇನು?” ಎಂದು ಒಳಗೆ ಕೇಳಿ ತಂದೆಯು ಮಗ್ಗಕ್ಕೆ ಇಳಿದನು. ಮಗನು ಆಟದ ಹಲಗೆಯನ್ನು ಗೋಡೆಗೆ ಒರಗಿಸಿ, ಕಂಡಿಕೆಗಳ ಬುಟ್ಟಿಯನ್ನು ತಾನೇ ತಂದುಕೊಟ್ಟು, ಲಾಳಿಯ ಓಟವನ್ನು ನೋಡುತ್ತ ಮಗ್ಗದ ಬಳಿಯಲ್ಲಿ ಕುಳಿತನು.