ಎತ್ತರಕ್ಕೊಂದು, ಚುರುಕಿಗೊಂದು

ಬಾಸ್ಕೆಟ್‌ಬಾಲ್ ಆಟದ ಬುಟ್ಟಿ ನೆಲದಿಂದ ಹತ್ತು ಅಡಿ ಎತ್ತರದಲ್ಲಿರುತ್ತದೆ. ಏಕೆ ಹತ್ತೇ ಅಡಿ ಎಂದು ಯಾರಾದರೂ ಕೇಳಿದರೆ ಉತ್ತರ ತೀರಾ ಸರಳ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಬಹುದಾದ ಆಟವೊಂದನ್ನು ಹುಡುಕುತ್ತಿದ್ದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತರಿಸಿ ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಮೊಳೆ ಹೊಡೆಸಿದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಅಷ್ಟೇ ಕಾರಣ.

ಈ ಆಕಸ್ಮಿಕದಿಂದಾಗಿ ಉದ್ದನೆಯ ಮನುಷ್ಯನಿಗೆ ಈ ಆಟದಲ್ಲಿ ಹುಟ್ಟಿನಿಂದಲೇ ಒಂದು ಅನುಕೂಲ ಬಂತು. ಅದು ಮಿತಿಮೀರಿದಾಗಲೆಲ್ಲ ನಿಯಮ ಮಾಡುವವರು ಕಡಿವಾಣ ಹಾಕುತ್ತ ಬಂದರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಜಾರ್ಜ್ ಮೈಕನ್ ಎಂಬ ದೈತ್ಯನ ಹಾವಳಿ ತಾಳಲಾರದೆ 1951ರಲ್ಲಿ ಬುಟ್ಟಿಯ ಮುಂದಿನ ಪಟ್ಟಿಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಏರಿಸಿದರು. ವಿಲ್ಟ್ ಚೇಂಬರ್ಲೇನ್ ಕಾಲಕ್ಕೆ, 1964ರಲ್ಲಿ, ಅದು 16 ಅಡಿಯಾಯಿತು. ನಿಯಮಗಳು ಹೀಗೆ ಎತ್ತರದ ಅನುಕೂಲವನ್ನು ತಗ್ಗಿಸುತ್ತ ಬಂದರೆ, ರಕ್ಷಣೆಗೆ ಕೊಡುವ ಬಹುಮಾನ ಮಾತ್ರ ಅದೇ ಎತ್ತರಕ್ಕೆ ಹಾರ ಹಾಕುತ್ತ ಬಂದಿದೆ. ನಾನು ಹೇಳಹೊರಟಿರುವುದು ಆ ಬಹುಮಾನದ ಮಾತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಂಡಕ್ಕೆ ಐವರು. ಎದುರಾಳಿಯ ಚೆಂಡು ಬುಟ್ಟಿಗೆ ಬೀಳದಂತೆ ತಡೆಯುವುದೇ ರಕ್ಷಣೆ. ಇದರಲ್ಲಿ ಎರಡು ಬಗೆಯ ಕೆಲಸಗಳಿವೆ. ಸೆಂಟರ್ ಎನಿಸಿಕೊಂಡ ಎತ್ತರದ ಆಟಗಾರ ಬುಟ್ಟಿಯ ಬಳಿ ನಿಂತು, ಒಳಗೆ ನುಗ್ಗಿ ಬಂದವರ ಹೊಡೆತವನ್ನು ಗಾಳಿಯಲ್ಲೇ ತಡೆಯುತ್ತಾನೆ. ಇದು ಬ್ಲಾಕ್. ಗಾರ್ಡ್ ಎನಿಸಿಕೊಂಡ ಚುರುಕಿನ ಆಟಗಾರ ಬುಟ್ಟಿಯಿಂದ ಇಪ್ಪತ್ತು ಇಪ್ಪತ್ತೈದು ಅಡಿ ದೂರದಲ್ಲಿ, ಚೆಂಡು ಹಿಡಿದವನ ಎದುರೇ ನಿಂತು ಅವನನ್ನು ನುಗ್ಗಗೊಡದೆ, ನೆಮ್ಮದಿಯಾಗಿ ಹೊಡೆಯಗೊಡದೆ ಕಾಡುತ್ತಾನೆ. ಸಮಯ ಸಿಕ್ಕಿದರೆ ಚೆಂಡನ್ನೇ ಕಸಿಯುತ್ತಾನೆ. ಇದು ಸ್ಟೀಲ್. ಕೋಟೆಯ ಲೆಕ್ಕದಲ್ಲಿ ಹೇಳುವುದಾದರೆ ಒಬ್ಬ ಭಂಡಾರದ ಕಾವಲುಗಾರ, ಇನ್ನೊಬ್ಬ ಹೆಬ್ಬಾಗಿಲಿನ ಕಾವಲುಗಾರ.

ಎನ್‌ಬಿಎ 1983ರಿಂದ ಪ್ರತಿವರ್ಷ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಕೊಡುತ್ತಿದೆ. ಮೊದಲ ಎರಡು ವರ್ಷ ಅದನ್ನು ಗೆದ್ದವರು ಸಿಡ್ನಿ ಮಾಂಕ್ರೀಫ್ ಎಂಬ ಗಾರ್ಡ್. ಬಳಿಕ 1986ರಲ್ಲಿ ಆಲ್ವಿನ್ ರಾಬರ್ಟ್‌ಸನ್, 1987ರಲ್ಲಿ ಮೈಕೆಲ್ ಕೂಪರ್, 1988ರಲ್ಲಿ ಮೈಕೆಲ್ ಜೋರ್ಡಾನ್. ಮೊದಲ ಆರು ವರ್ಷಗಳಲ್ಲಿ ಐದು ಸಲ ಗಾರ್ಡ್‌ಗಳೇ. ಆಮೇಲೆ ಗಾಳಿ ತಿರುಗಿತು. 1989ರಿಂದ 2025ರವರೆಗಿನ 37 ಪ್ರಶಸ್ತಿಗಳಲ್ಲಿ ಗಾರ್ಡ್‌ಗಳಿಗೆ ದಕ್ಕಿದ್ದು ಎರಡೇ: 1996ರಲ್ಲಿ ಗ್ಯಾರಿ ಪೇಟನ್, 2022ರಲ್ಲಿ ಮಾರ್ಕಸ್ ಸ್ಮಾರ್ಟ್. ನಡುವೆ 26 ವರ್ಷ. ರಾನ್ ಆರ್ಟೆಸ್ಟ್, ಕವಾಯಿ ಲೆನಾರ್ಡ್ ಅವರಂತಹ, ಹೊರಗೆ ನಿಂತು ಕಾಯುವ ಫಾರ್ವರ್ಡ್‌ಗಳು ಒಂದೆರಡು ಸಲ ಗೆದ್ದರು, ನಿಜ. ಆದರೆ ಡಿಕೆಂಬೆ ಮುಟೊಂಬೊ, ಬೆನ್ ವ್ಯಾಲೇಸ್, ರೂಡಿ ಗೋಬೇರ್ ಈ ಮೂವರು ಸೆಂಟರ್‌ಗಳೇ ತಲಾ ನಾಲ್ಕರಂತೆ ಹನ್ನೆರಡು ಪ್ರಶಸ್ತಿ ಕೊಂಡೊಯ್ದಿದ್ದಾರೆ. 2022-23ರಿಂದ ಆ ಪ್ರಶಸ್ತಿಗೆ ಇಟ್ಟಿರುವ ಹೆಸರೂ ಒಬ್ಬ ಮಹಾನ್ ಸೆಂಟರ್‌ನದೇ: ಹಕೀಂ ಒಲಾಜುವಾನ್.

ಒಂದು ಉದಾಹರಣೆಯಲ್ಲೇ ಈ ವಿಚಾರವನ್ನು ಪೂರ್ತಿ ಕಾಣಬಹುದು. 1988-89ರಲ್ಲಿ ಯೂಟಾ ಜಾಜ್ ತಂಡದಲ್ಲಿ ಇಬ್ಬರು ಅಸಾಧಾರಣ ರಕ್ಷಕರಿದ್ದರು. ಒಬ್ಬರು ಏಳು ಅಡಿ ನಾಲ್ಕು ಅಂಗುಲದ ಮಾರ್ಕ್ ಈಟನ್. ಇನ್ನೊಬ್ಬರು ಆರು ಅಡಿ ಒಂದು ಅಂಗುಲದ ಜಾನ್ ಸ್ಟಾಕ್ಟನ್. ಇಡೀ ಲೀಗಿನಲ್ಲೇ ಆ ವರ್ಷ ಅತಿ ಹೆಚ್ಚು ಸಲ ಚೆಂಡು ಕಸಿದವರು ಸ್ಟಾಕ್ಟನ್. ಪ್ರಶಸ್ತಿ ಬಂದದ್ದು ಈಟನ್ ಅವರಿಗೆ. ಸ್ಟಾಕ್ಟನ್ 2003ರಲ್ಲಿ ನಿವೃತ್ತರಾಗುವ ಹೊತ್ತಿಗೆ 3,265 ಸ್ಟೀಲ್‌ಗಳ ದಾಖಲೆ ಬರೆದಿದ್ದರು. ಆದರೂ ಅತ್ಯುತ್ತಮ ರಕ್ಷಕ ಪ್ರಶಸ್ತಿ ಅವರ ಕೈಗೆ ಒಮ್ಮೆಯೂ ಬರಲಿಲ್ಲ. ಈಟನ್ ಅನರ್ಹರೇ? ಖಂಡಿತ ಅಲ್ಲ. 1984-85ರಲ್ಲಿ ಪಂದ್ಯಕ್ಕೆ ಸರಾಸರಿ 5.56 ಬ್ಲಾಕ್ ಮಾಡಿದ ಅವರ ದಾಖಲೆಯನ್ನು ಮುರಿದವರಿಲ್ಲ. ಇಬ್ಬರೂ ಅರ್ಹರೇ. ಇಬ್ಬರ ಕೆಲಸ ಬೇರೆ, ಬಹುಮಾನ ಮಾತ್ರ ಒಂದೇ. ತೊಂದರೆ ಇರುವುದು ಅಲ್ಲಿ.

ಹೊರಗಿನ ಕಾವಲು ಎಷ್ಟು ಕಷ್ಟ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಕಣ್ಣು ಕಂಡು ಕಾಲು ಕದಲಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ಎದುರಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಿದರೆ ಅಷ್ಟರಲ್ಲಿ ಅವನು ಒಂದು ಮೀಟರ್ ಮುಂದೆ ಹೋಗಿರುತ್ತಾನೆ. ಅಂದರೆ ಕಂಡ ಮೇಲೆ ಓಡುವವನು ಸೋತಂತೆಯೇ. ಎದುರಾಳಿಯ ಸೊಂಟ, ಭುಜ, ಹೆಜ್ಜೆ ನೋಡಿ ಮೊದಲೇ ಊಹಿಸಬೇಕು. ಸಾಲದ್ದಕ್ಕೆ 2004-05ರಿಂದ ಎದುರಾಳಿಯ ಮೈಮೇಲೆ ಕೈ ಇಟ್ಟು ತಡೆಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದರು. ಮೂರು ಅಂಕದ ದೂರದ ಹೊಡೆತ ಎನ್‌ಬಿಎಗೆ ಬಂದ 1979-80ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 2.8 ಸಲ ಅದನ್ನು ಪ್ರಯತ್ನಿಸುತ್ತಿತ್ತು. 2023-24ರ ಹೊತ್ತಿಗೆ ಅದು ಸುಮಾರು 35 ಆಗಿತ್ತು. ಕಾಯಬೇಕಾದ ಜಾಗ ಹೆಚ್ಚಿತು, ಕಾಯುವವನ ಕೈ ಕಟ್ಟಿತು. ಗೌರವ ಮಾತ್ರ ಕಡಿಮೆಯಾಯಿತು.

ಎದುರು ವಾದ ಇಲ್ಲದಿಲ್ಲ. ಅದನ್ನು ಹಗುರಾಗಿ ತಳ್ಳುವಂತೆಯೂ ಇಲ್ಲ. ಬುಟ್ಟಿಯ ಪಕ್ಕದಿಂದ ಹೊಡೆದದ್ದು ನೂರಕ್ಕೆ 65 ಸಲ ಬೀಳುತ್ತದೆ ಎಂದಿಟ್ಟುಕೊಳ್ಳಿ. ಎರಡು ಅಂಕದಂತೆ 130 ಅಂಕ. ದೂರದ ಹೊಡೆತ ನೂರಕ್ಕೆ 36 ಬೀಳುತ್ತದೆ. ಮೂರು ಅಂಕದಂತೆ 108. ಹಾಗಾಗಿ ಬುಟ್ಟಿಯ ಪಕ್ಕದ ಜಾಗವೇ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ನಿಂತವನು ತನ್ನ ಎದುರಾಳಿಯನ್ನಷ್ಟೇ ಅಲ್ಲ, ಉಳಿದ ನಾಲ್ವರ ಕೈತಪ್ಪಿ ಬಂದವರನ್ನೂ ತಡೆಯುತ್ತಾನೆ. ಮತ ಹಾಕುವ ಕ್ರೀಡಾ ಬರಹಗಾರರು ಕುರುಡರಲ್ಲ. ಒಬ್ಬ ಒಳ್ಳೆಯ ಸೆಂಟರ್ ತಂಡದ ರಕ್ಷಣೆಯನ್ನೇ ಬದಲಿಸಬಲ್ಲ ಎಂಬುದನ್ನು ನೋಡಿಯೇ ಅವರು ಮತ ಹಾಕುತ್ತಾರೆ.

ಈ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದು ಹೇಳುವುದು ಏನನ್ನು? ಜಾಗದ ಬೆಲೆಯನ್ನು. ಪ್ರಶಸ್ತಿಯ ಹೆಸರಿನಲ್ಲಿರುವುದು ಆಟಗಾರ. ಬೆಲೆಯುಳ್ಳ ಜಾಗದಲ್ಲಿ ನಿಂತದ್ದು ಬೇರೆ, ನಿಂತ ಜಾಗದಲ್ಲಿ ಬೆಲೆಯುಳ್ಳ ಕೆಲಸ ಮಾಡಿದ್ದು ಬೇರೆ. ಆರು ಅಡಿಯವನು ಎಷ್ಟೇ ಬೆವರು ಸುರಿಸಿದರೂ ಬುಟ್ಟಿಯ ಪಕ್ಕ ನಿಂತು ಏಳು ಅಡಿಯವನ ಕೆಲಸ ಮಾಡಲಾರ. ಏಳು ಅಡಿಯವನೂ ಹೊರಗೆ ಬಂದು ಸ್ಟಾಕ್ಟನ್ ಮಾಡಿದ್ದನ್ನು ಮಾಡಲಾರ. ವಿಜ್ಞಾನದ ತರಗತಿಯಲ್ಲಿ ಮಕ್ಕಳಿಗೆ ಮೊದಲ ವಾರವೇ ಹೇಳುತ್ತೇವೆ: ಕಿಲೋಗ್ರಾಂ ಮತ್ತು ಡಿಗ್ರಿಗಳನ್ನು ಹೋಲಿಸಿ ಯಾವುದು ದೊಡ್ಡದು ಎಂದು ಕೇಳಬೇಡಿ. ತೂಕಕ್ಕೆ ತಕ್ಕಡಿ, ಉಷ್ಣತೆಗೆ ಥರ್ಮಾಮೀಟರು. ಒಂದೇ ತಕ್ಕಡಿಯಲ್ಲಿ ಎರಡನ್ನೂ ತೂಗಲು ಹೊರಟರೆ ಪ್ರತಿಸಲವೂ ಕಲ್ಲೇ ಗೆಲ್ಲುತ್ತದೆ, ಬಿಸಿ ನೀರಲ್ಲ.

ವಿಂಗಡಿಸುವುದು ಹೇಗೆ ಎಂದು ಕೇಳುವವರಿದ್ದಾರೆ. 2017ರಲ್ಲಿ ಗೆದ್ದ ಡ್ರೇಮಂಡ್ ಗ್ರೀನ್ ಆರೂವರೆ ಅಡಿಯವರು. ಒಳಗೂ ಕಾಯುತ್ತಾರೆ, ಹೊರಗೂ ಕಾಯುತ್ತಾರೆ. ಅವರು ಯಾವ ಗುಂಪು? ಮೊಟ್ಟೆಯಿಡುವ ಸಸ್ತನಿ ಪ್ಲಾಟಿಪಸ್ ಸಿಕ್ಕಿತೆಂದು ಪ್ರಾಣಿಗಳ ವರ್ಗೀಕರಣವನ್ನೇ ಯಾರೂ ಕೈಬಿಡಲಿಲ್ಲ. ಎತ್ತರ ನೋಡಿ ವಿಂಗಡಿಸಬೇಕಾಗಿಯೂ ಇಲ್ಲ, ಕೆಲಸ ನೋಡಿ ವಿಂಗಡಿಸಿದರಾಯಿತು. 2013-14ರಿಂದ ಎನ್‌ಬಿಎಯ ಎಲ್ಲ ಅಂಗಣಗಳಲ್ಲೂ ಆಟಗಾರರ ಪ್ರತಿ ಹೆಜ್ಜೆಯನ್ನು ಹಿಂಬಾಲಿಸುವ ಕ್ಯಾಮೆರಾಗಳಿವೆ. ಯಾರು ಎಲ್ಲಿ ನಿಂತು ಯಾರನ್ನು ಕಾದರು ಎಂಬುದು ಇಂದು ಗುಟ್ಟಲ್ಲ.

ಇನ್ನೊಂದು ಮಾತು, ಬೇರೆ ಬಹುಮಾನ ಇಟ್ಟರೆ ಅದು ಸಮಾಧಾನಕರ ಬಹುಮಾನವಾದೀತು ಎಂಬುದು. ಬೇರೆ ಆಟಗಳ ಅನುಭವ ಹಾಗಿಲ್ಲ. ಫುಟ್‌ಬಾಲಿನ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು ಗೋಲಿಗಳಲ್ಲಿ ಗೆದ್ದವರು ಒಬ್ಬರೇ, 1963ರಲ್ಲಿ ರಷ್ಯಾದ ಲೆವ್ ಯಾಶಿನ್. ಅದನ್ನು ಮನಗಂಡು 2019ರಿಂದ ಗೋಲಿಗಳಿಗೆಂದೇ ಯಾಶಿನ್ ಹೆಸರಿನ ಪ್ರಶಸ್ತಿ ಕೊಡುತ್ತಿದ್ದಾರೆ. ದೊಡ್ಡ ಪ್ರಶಸ್ತಿಯನ್ನು ಕಿತ್ತುಹಾಕಲಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟರು. ನಮ್ಮ ಹಳ್ಳಿ ಹಳ್ಳಿಗಳಲ್ಲಿ ಆಡುವ ವಾಲಿಬಾಲನ್ನೇ ನೋಡಿ. 1998ರಲ್ಲಿ ಅಂತರರಾಷ್ಟ್ರೀಯ ನಿಯಮಗಳಿಗೆ ಲಿಬೆರೊ ಎಂಬ ಆಟಗಾರನನ್ನು ಸೇರಿಸಿದರು. ಅವನು ನೆಟ್ ಬಳಿ ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿನ ಚೆಂಡನ್ನು ಹೊಡೆಯುವಂತಿಲ್ಲ. ಹಿಂದೆ ನಿಂತು ನೆಲಕ್ಕೆ ಬೀಳುವ ಚೆಂಡನ್ನು ಎತ್ತುವುದೇ ಅವನ ಕೆಲಸ. ದೊಡ್ಡ ಪಂದ್ಯಾವಳಿಗಳಲ್ಲಿ ಉತ್ತಮ ಬ್ಲಾಕರ್‌ಗೆ ಒಂದು, ಉತ್ತಮ ಲಿಬೆರೊಗೆ ಒಂದು ಬಹುಮಾನ. ಎತ್ತರವಿಲ್ಲದ ಎಷ್ಟೋ ಮಕ್ಕಳು ವಾಲಿಬಾಲಿನಲ್ಲಿ ಉಳಿದುಕೊಂಡದ್ದು ಆ ಒಂದು ಜಾಗದಿಂದ.

ವಿಚಿತ್ರವೆಂದರೆ ಬಾಸ್ಕೆಟ್‌ಬಾಲ್ ಈ ವಿಷಯದಲ್ಲಿ ಹಿಂದಕ್ಕೆ ನಡೆದಿದೆ. 1968-69ರಿಂದ ಎನ್‌ಬಿಎ ಪ್ರತಿವರ್ಷ ಉತ್ತಮ ರಕ್ಷಕರ ಒಂದು ಗೌರವ ತಂಡವನ್ನು ಆರಿಸುತ್ತದೆ. ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್, ಒಬ್ಬ ಸೆಂಟರ್ ಎಂಬುದು ಅಲ್ಲಿ ಕಟ್ಟಳೆಯಾಗಿತ್ತು. 2023-24ರಲ್ಲಿ ಆ ಕಟ್ಟಳೆಯನ್ನು ತೆಗೆದುಹಾಕಿದರು. ಆ ವರ್ಷದ ಮೊದಲ ತಂಡದಲ್ಲಿ ಒಬ್ಬ ಗಾರ್ಡ್ ಸಹ ಇರಲಿಲ್ಲ. ಅವರೆಲ್ಲ ಎರಡನೆಯ ತಂಡಕ್ಕೆ ಹೋದರು. ಮರುವರ್ಷ ಡೈಸನ್ ಡೇನಿಯಲ್ಸ್ ಮುಂತಾದವರು ಮೊದಲ ತಂಡಕ್ಕೆ ಬಂದರು ನಿಜ. ಆದರೆ ಹಕ್ಕಿನಿಂದ ಬರುತ್ತಿದ್ದದ್ದು ಈಗ ಆಯಾ ವರ್ಷದ ಮತದಾರರ ಮರ್ಜಿಗೆ ಬಿಟ್ಟದ್ದಾಯಿತು. ಅದೇ ಡೇನಿಯಲ್ಸ್ 2024-25ರಲ್ಲಿ 229 ಸಲ ಚೆಂಡು ಕಸಿದರು, ಪಂದ್ಯಕ್ಕೆ ಸರಾಸರಿ ಮೂರು. 1990-91ರ ನಂತರ ಯಾರೂ ಆ ಸರಾಸರಿ ಮುಟ್ಟಿರಲಿಲ್ಲ. ಅತ್ಯುತ್ತಮ ರಕ್ಷಕ ಪ್ರಶಸ್ತಿಯಲ್ಲಿ ಅವರಿಗೆ ಸಿಕ್ಕಿದ್ದು ಎರಡನೆಯ ಸ್ಥಾನ. ಗೆದ್ದವರು ಆರು ಅಡಿ ಹನ್ನೊಂದು ಅಂಗುಲದ ಇವಾನ್ ಮೋಬ್ಲಿ. ಇದು ಬರಿಯ ಹೆಸರಿನ ಪ್ರಶ್ನೆಯೂ ಅಲ್ಲ. ಹಿರಿಯ ಆಟಗಾರರು ಅತಿ ದೊಡ್ಡ ಸಂಬಳದ ಒಪ್ಪಂದಕ್ಕೆ ಅರ್ಹರಾಗುವ ದಾರಿಗಳಲ್ಲಿ ಈ ಪ್ರಶಸ್ತಿಯೂ ಒಂದು.

ಅಮೆರಿಕದ ಕೋಟ್ಯಧಿಪತಿಗಳ ಬಹುಮಾನದಿಂದ ನಮ್ಮ ಮಕ್ಕಳಿಗೇನು ಎಂದು ತಂದೆತಾಯಂದಿರು ಕೇಳಬಹುದು. ನಮ್ಮ ಶಾಲೆಯ ಪಂದ್ಯಗಳಲ್ಲಿ ಅಂಕ ಬರೆಯಲು ಕೂರುವವನು ನಾನು. ಆ ಹಾಳೆಯಲ್ಲಿ ಹೊಡೆದ ಅಂಕಕ್ಕೆ ಜಾಗವಿದೆ, ಮಾಡಿದ ಫೌಲಿಗೆ ಜಾಗವಿದೆ, ತಡೆದದ್ದಕ್ಕೆ ಜಾಗವಿಲ್ಲ. ಒಮ್ಮೆ ನಮ್ಮ ಹೆಣ್ಣುಮಕ್ಕಳ ತಂಡದ ಗಿಡ್ಡ ಹುಡುಗಿಯೊಬ್ಬಳು ಎದುರು ತಂಡದ ಅತಿ ಚುರುಕಿನ ಆಟಗಾರ್ತಿಯನ್ನು ನೆರಳಿನಂತೆ ಕಾದಳು. ಮೊದಲರ್ಧದಲ್ಲಿ ಸಲೀಸಾಗಿ ಅಂಕ ಗಳಿಸಿದ್ದವಳಿಗೆ ಎರಡನೆಯ ಅರ್ಧದಲ್ಲಿ ಸಿಕ್ಕಿದ್ದು ಒಂದೇ ಬುಟ್ಟಿ. ನಾವು ಗೆದ್ದೆವು. ಮಗಳನ್ನು ಕರೆದೊಯ್ಯಲು ಬಂದ ಅಪ್ಪ, "ಎಷ್ಟು ಪಾಯಿಂಟ್ ಹೊಡೆದೆ ಪುಟ್ಟೀ?" ಎಂದರು. "ಒಂದೂ ಇಲ್ಲಪ್ಪ" ಎಂದಳು. "ಹೋಗ್ಲಿ ಬಿಡು, ಮುಂದಿನ ಸಲ ಹೊಡೆಯುವಿಯಂತೆ" ಎಂದು ಅವರು ಪ್ರೀತಿಯಿಂದಲೇ ಬೆನ್ನು ತಟ್ಟಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಅವರಾದರೂ ಹೇಗೆ ಓದಿಯಾರು? ಆದರೆ ಆ ಮಗು ತಾನು ಏನೂ ಮಾಡಲಿಲ್ಲವೇನೋ ಎಂಬಂತೆ ತಲೆ ತಗ್ಗಿಸಿತಲ್ಲ, ಅದು ನನ್ನನ್ನು ಕಾಡಿತು. ಮರುದಿನದಿಂದ ಅಂಕಪಟ್ಟಿಯ ಅಂಚಿನಲ್ಲಿ ಗೆರೆ ಎಳೆದು ಒಂದು ಕಲಂ ಮಾಡಿಕೊಂಡೆ: ಯಾರು ಯಾರನ್ನು ಕಾದರು, ಕಾಯಿಸಿಕೊಂಡವರಿಗೆ ಎಷ್ಟು ಅಂಕ ಸಿಕ್ಕಿತು. ಒಂದು ಪೆನ್ಸಿಲ್ ಸಾಕು, ಕ್ಯಾಮೆರಾ ಬೇಡ.

ಎತ್ತರವನ್ನು ಯಾವ ಮಗುವೂ ಅಭ್ಯಾಸದಿಂದ ಗಳಿಸಲಾರದು. ಚುರುಕು ಹೆಜ್ಜೆ, ಎದುರಾಳಿಯ ಮನಸ್ಸನ್ನು ಓದುವ ಕಣ್ಣು, ಸುಸ್ತಾದರೂ ಬಿಡದ ಹಟ ಇವನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು. ಹಾಗೆಂದು ಎತ್ತರದ ಮಗುವಿನ ಶ್ರಮವನ್ನು ಕಡೆಗಣಿಸಬೇಕಿಲ್ಲ. ಆರು ಅಡಿ ಒಂಬತ್ತು ಅಂಗುಲದ ಬೆನ್ ವ್ಯಾಲೇಸ್ ತನಗಿಂತ ಎತ್ತರದ ಸೆಂಟರ್‌ಗಳ ನಡುವೆ ನಾಲ್ಕು ಸಲ ಗೆದ್ದದ್ದು ಬರಿಯ ಮೈಕಟ್ಟಿನಿಂದಲ್ಲ. ಅವರಿಗೊಂದು ಬಹುಮಾನ ಇರಲಿ, ಇವರಿಗೊಂದು ಇರಲಿ, ಎಲ್ಲರಿಗೂ ಮೇಲಿನದೊಂದು ಬೇಕಾದರೆ ಅದೂ ಇರಲಿ. ಎನ್‌ಬಿಎ ಇದನ್ನು ಎಂದು ಮಾಡುತ್ತದೋ ಅದು ಅವರಿಗೆ ಬಿಟ್ಟದ್ದು. ನಮ್ಮ ತಾಲ್ಲೂಕು ಪಂದ್ಯಗಳಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ ಇನ್ನೊಂದು ಲೋಟವನ್ನು ಮೇಜಿನ ಮೇಲಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮನೆಯಲ್ಲಂತೂ ಅದೂ ಬೇಡ. ಆಡಿ ಬಂದ ಮಗುವನ್ನು ಎಷ್ಟು ಹೊಡೆದೆ ಎಂದು ಕೇಳಿದ ಮೇಲೆ, ಎಷ್ಟು ತಡೆದೆ ಎಂದೂ ಕೇಳಿದರೆ ಸಾಕು.