ನಾಲ್ಕು ಬೈಟಿನ ಹೆಸರು

ನಮ್ಮಮ್ಮನ ಅಡುಗೆಮನೆಯಲ್ಲಿ ಹೆಸರಿಲ್ಲದ ಪಾತ್ರೆ ಇರಲಿಲ್ಲ. ಲೋಟ, ತಟ್ಟೆ, ಕೊನೆಗೆ ಸೌಟಿನ ಹಿಡಿಯ ಮೇಲೂ ಚುಕ್ಕೆಚುಕ್ಕೆಯಾಗಿ ಅಪ್ಪನ ಹೆಸರು. ಪಾತ್ರೆ ಅಂಗಡಿಯವನು ಕರ್ರೆನ್ನುವ ಮಿಷನ್ನು ಹಿಡಿದು ಅದನ್ನು ಕೊರೆಯುವಾಗ ನಾನು ಕಣ್ಣು ಮಿಟುಕಿಸದೆ ನಿಂತಿರುತ್ತಿದ್ದೆ. ಮದುವೆಮನೆಗೆ ಹೋದ ಕೊಳಗ ಹತ್ತು ಮನೆಯ ಪಾತ್ರೆಗಳ ನಡುವಿಂದ ತಪ್ಪದೆ ವಾಪಸು ಬರುತ್ತಿದ್ದುದು ಆ ಹೆಸರಿನಿಂದ.

ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಹಳೆಯ ಡೆಸ್ಕ್‌ಟಾಪಿನಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿ, ಒಳಗೊಂದು ಲಿನಕ್ಸ್ ವರ್ಚುವಲ್ ರೂಟರ್ ಕೂರಿಸಿಕೊಂಡಿದ್ದೇನೆ. ಕೇಬಲ್ ಒಂದೇ. ಅದರಲ್ಲಿ ನಮ್ಮ ಲ್ಯಾಪ್‌ಟಾಪುಗಳಿಗೆ 10, ಕ್ಯಾಮೆರಾಗಳಿಗೆ 20, ನೆಂಟರ ಮೊಬೈಲಿಗೆ 30 ಎಂದು ಮೂರು ವಿಲ್ಯಾನ್, ಅಂದರೆ ಮೂರು ಪ್ರತ್ಯೇಕ ಜಾಲ. ಪ್ರತಿ ಫ್ರೇಮಿಗೂ ನಾಲ್ಕು ಬೈಟಿನ ಟ್ಯಾಗು. ಅದರಲ್ಲಿ ನಂಬರಿಗೆ 12 ಬಿಟ್. ಮೀಸಲಿನ ಎರಡು ಕಳೆದರೆ 4094 ನಂಬರು. ಎರಡು ಕೋಣೆಯ ಮನೆಗೆ ಧಾರಾಳವಾಯಿತು.

ಭಾನುವಾರ ಕಾಫಿ ಲೋಟ ಹಿಡಿದು, ವೇಗ ಅಳೆಯುವ ಐಪರ್ಫ್ ಓಡಿಸುವುದೇ ಒಂದು ಸುಖ. ಗಿಗಾಬಿಟ್ ತಂತಿಯಲ್ಲಿ ಟ್ಯಾಗಿಲ್ಲದೆ 941 ಮೆಗಾಬಿಟ್, ಟ್ಯಾಗು ಹಾಕಿದರೆ 939. ತಂತಿಯ ಮೇಲೆ 1538 ಬೈಟ್ ಜಾಗ ಹಿಡಿಯುತ್ತಿದ್ದ ಪ್ಯಾಕೆಟ್ಟು 1542 ಹಿಡಿಯಿತು, ಅಷ್ಟೇ. ಪ್ರೊಸೆಸರಿನ ಬೆವರು ಕಾಣಬೇಕೆಂದರೆ ತಂತಿಯನ್ನೇ ಬಿಟ್ಟು, ಒಂದೇ ಡಬ್ಬಿಯೊಳಗಿನ ಎರಡು ವರ್ಚುವಲ್ ಮಿಷನ್ನುಗಳ ನಡುವೆ ಓಡಿಸಬೇಕು.

ಕರ್ನೆಲ್ಲು ಟ್ಯಾಗು ತೂರಿಸುವ ಚಂದ ನೋಡಿ. ಎದುರಿಗಿರುವ ಎರಡು ವಿಳಾಸಗಳಿಗೆ, ಒಟ್ಟು 12 ಬೈಟಿಗೆ, ಬಸ್ಸಿನ ಕಂಡಕ್ಟರಂತೆ ‘ಸ್ವಲ್ಪ ಮುಂದೆ ಹೋಗ್ರೀ’ ಅನ್ನುತ್ತದೆ. ತೆರವಾದ ನಾಲ್ಕು ಬೈಟಿನಲ್ಲಿ ಟ್ಯಾಗು ಕೂರುತ್ತದೆ. ಹಿಂದಿನ ಸೀಟಿನ 1500 ಬೈಟು ಮಿಸುಕುವುದೂ ಇಲ್ಲ! ಇದಕ್ಕೆ ಎಷ್ಟು ಖರ್ಚಾದೀತು?

ಹಾಗಂದುಕೊಂಡೇ ಒಂದು ಕಿತಾಪತಿ ಮಾಡಿದೆ. ಸಾಧಾರಣವಾಗಿ ಕರ್ನೆಲ್ಲು 64 ಕಿಲೋಬೈಟಿನವರೆಗಿನ ದತ್ತಾಂಶವನ್ನು ಒಂದೇ ಕಟ್ಟಾಗಿ ಸಾಗಿಸುತ್ತದೆ. ಕಟ್ಟಿಗೆ ಒಂದೇ ಟ್ಯಾಗು. ಈತ್‌ಟೂಲ್‌ನಿಂದ ಆ ಅನುಕೂಲಗಳನ್ನೆಲ್ಲ ಆಫ್ ಮಾಡಿದೆ. ಕಟ್ಟು ಬಿಚ್ಚಿ ಸುಮಾರು 45 ಪ್ಯಾಕೆಟ್ಟಾಯಿತು: 45 ಟ್ಯಾಗು, 45 ಚೆಕ್‌ಸಮ್, ದಾರಿ ಹುಡುಕುವುದೂ 45 ಸಲ. ವೇಗ ಅರ್ಧಕ್ಕಿಂತ ಕೆಳಗಿಳಿಯಿತು, ಒಂದು ಕೋರ್ ನೂರಕ್ಕೆ ನೂರು ಏದುಸಿರು ಬಿಟ್ಟಿತು. ಪಾಪ, ಬೈಸಿಕೊಳ್ಳುವುದು ಮಾತ್ರ ಟ್ಯಾಗು.

ಟ್ಯಾಗಿನ ಕೆಲಸವನ್ನು ರೂಟರಿನಿಂದ ಕಿತ್ತು ಹೊರಗಿನ, ಪ್ರಾಕ್ಸ್‌ಮಾಕ್ಸ್‌ನದೇ ಬ್ರಿಡ್ಜಿಗೂ ವಹಿಸಿ ನೋಡಿದೆ. ಲಾಭವೇನು ಬಂತು? ದುಡಿಯುವುದು ಅದೇ ಪ್ರೊಸೆಸರು. ಅಂಗಿ ಜೇಬಿನ ದುಡ್ಡು ಪ್ಯಾಂಟಿನ ಜೇಬಿಗೆ ಹೋಯಿತು. ಪ್ಯಾಕೆಟ್ಟು ಡಬ್ಬಿಯಿಂದ ಹೊರಬೀಳುವಾಗ ಮಾತ್ರ ಒಂದಿಷ್ಟು ಉಳಿತಾಯ. ಬ್ರಿಡ್ಜು ನಂಬರನ್ನು ಚೀಟಿಯಂತೆ ಪಕ್ಕದಲ್ಲಿಟ್ಟುಕೊಂಡಿರುತ್ತದೆ, ಬರೆಯುವ ಕೆಲಸ ನೆಟ್‌ವರ್ಕ್ ಕಾರ್ಡಿನದು.

ಇನ್ನೊಂದು ಸಲ ಅಳೆಯೋಣವೆಂದು ಕೂತಿದ್ದೆ. ಹಾಲ್‌ನಿಂದ ಹೆಂಡತಿಯ ದನಿ: ‘ರೀ, ಭಾವನ ಮೊಬೈಲಿಗೆ ನೆಟ್ ಬರ್ತಿಲ್ಲವಂತೆ.’ ನೋಡಿದರೆ, 30 ಇರಬೇಕಾದಲ್ಲಿ 20 ಬರೆದಿದ್ದೆ. ಭಾವನವರು ಆಗಿನಿಂದ ಕ್ಯಾಮೆರಾಗಳ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕಾಯುತ್ತಿದ್ದರು.