ಪಕ್ಕಾ ಅಂದವರು ನಾವೇ

ನಮ್ಮೂರ ಬಸ್ ಸ್ಟಾಪಿನಲ್ಲಿ ಎರಡು ಫ್ಲೆಕ್ಸ್ ಎದ್ದಿವೆ. ಒಂದರಲ್ಲಿ ಮೆಸ್ಸಿ, ಇನ್ನೊಂದರಲ್ಲಿ ರೊನಾಲ್ಡೊ. ಸುಂಟಿಕೊಪ್ಪದ ಆಸುಪಾಸಿನ ಕಾಫಿ ತೋಟದ ಊರುಗಳಲ್ಲಿ ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಹೀಗೇ. ಕ್ರಿಕೆಟನ್ನು ಎಲ್ಲರೂ ನೋಡುತ್ತಾರೆ, ಆದರೆ ಜಗಳ ಆಗುವುದು ಫುಟ್‌ಬಾಲಿಗೇ.

ಇಕ್ಕನ ಟೀ ಅಂಗಡಿಯಲ್ಲಿ ಸಂಜೆಯಾದರೆ ಭವಿಷ್ಯ ಶುರು. "ಮೆಸ್ಸಿಗೆ ಜೂನ್ 24ಕ್ಕೆ 39 ತುಂಬುತ್ತೆ, ಇನ್ನೇನು ಓಡ್ತಾನೆ ಮಾರಾಯ?" ಅಂತ ಒಬ್ಬ. "ನಿಮ್ಮ ರೊನಾಲ್ಡೊಗೆ ಆಗಲೇ 41, ಅವನೇನು ಹಾರ್ತಾನಾ?" ಅಂತ ಇನ್ನೊಬ್ಬ. ತೋಟದ ರೈಟರಣ್ಣನಿಗೆ ಯಾವಾಗಲೂ ಬ್ರೆಜಿಲ್ಲೇ. ಬ್ರೆಜಿಲ್ ಕೊನೆಗೆ ಕಪ್ ಗೆದ್ದದ್ದು 2002ರಲ್ಲಿ. 2014ರಲ್ಲಿ ತಮ್ಮದೇ ನೆಲದಲ್ಲಿ ಜರ್ಮನಿ ಕೈಲಿ 7–1ರಲ್ಲಿ ಸೋತಿತ್ತು. ಅದನ್ನು ನೆನಪಿಸಿದರೆ ರೈಟರಣ್ಣ ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ. ಮರುದಿನ ಮತ್ತೆ ಬರುತ್ತಾರೆ.

ಈ ಸಲ ಮಾತಾಡಲು ಬೇಕಾದಷ್ಟಿದೆ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ನಡೆಸುವ ಕಪ್ ಇದು. 32 ಅಲ್ಲ, 48 ತಂಡ. ಒಟ್ಟು 104 ಪಂದ್ಯ. ಮೊದಲ ಪಂದ್ಯ ಮೆಕ್ಸಿಕೊ ಮತ್ತು ದಕ್ಷಿಣ ಆಫ್ರಿಕಾ ನಡುವೆ. ಅಲ್ಲಿ ಜೂನ್ 11ರ ಮಧ್ಯಾಹ್ನ, ನಮಗೆ ಆ ರಾತ್ರಿ ಹನ್ನೆರಡೂವರೆ. ಮಳೆಗಾಲ ಬೇರೆ, ಕರೆಂಟ್ ಇರುತ್ತೋ ಇಲ್ಲವೋ ಅನ್ನುವುದೇ ನಮ್ಮ ಮೊದಲ ಭವಿಷ್ಯ.

ನಮ್ಮ ದೇಶ ಇದರಲ್ಲಿಲ್ಲ. 1950ರಲ್ಲಿ ಅವಕಾಶ ಸಿಕ್ಕಿತ್ತು, ಭಾರತ ಹೋಗಲಿಲ್ಲ. ಆಮೇಲೆ ಇವತ್ತಿನವರೆಗೂ ಅರ್ಹತೆ ಸಿಕ್ಕಿಲ್ಲ. ಸುಮಾರು ಒಂದೂವರೆ ಲಕ್ಷ ಜನರಿರುವ ಕುರಸಾವ್ ಅನ್ನುವ ದ್ವೀಪ ಈ ಸಲ ಆಡುತ್ತಿದೆ. ಕೇಪ್ ವರ್ಡೆ, ಜೋರ್ಡಾನ್, ಉಜ್ಬೇಕಿಸ್ತಾನ್ ಕೂಡ ಮೊದಲ ಸಲ ಬರುತ್ತಿವೆ. ಸ್ವಂತ ತಂಡ ಇಲ್ಲದ್ದಕ್ಕೇ ಇರಬೇಕು, ನಾವು ಬೇರೆಯವರ ತಂಡವನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು.

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ನಾವು ಹೇಳಬೇಕಾದ್ದು ಹೋದ ಸಲದ ಕಥೆ.

2022ರ ನವೆಂಬರ್‌ನಲ್ಲಿ ಕತಾರ್ ವಿಶ್ವಕಪ್ ನಡೆಯುವಾಗ ನಾವು ಐದು ಜನ ಪತ್ರಿಕೋದ್ಯಮ ಓದುತ್ತಿದ್ದೆವು. 22ರಂದು ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ ಪಂದ್ಯ, ಮಧ್ಯಾಹ್ನ ಮೂರೂವರೆಗೆ. ಕ್ಲಾಸಿಗೆ ಚಕ್ಕರ್ ಹಾಕಿ ಇಕ್ಕನ ಅಂಗಡಿಯಲ್ಲಿ ಕೂತಿದ್ದೆವು. ಅರ್ಜೆಂಟೀನಾ ಅದಕ್ಕೂ ಮೊದಲು ಸತತ 36 ಪಂದ್ಯ ಸೋತಿರಲಿಲ್ಲ. "ಇದು ಪಕ್ಕಾ ಕಣೋ, ನೋಡುವುದೇ ಬೇಡ" ಅಂದೆವು. ಹತ್ತನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿ ಗೋಲು ಹೊಡೆದಾಗ ಕುಣಿದೆವು. ವಿರಾಮದ ನಂತರ ಸೌದಿಯವರು ಐದೇ ನಿಮಿಷದಲ್ಲಿ ಎರಡು ಗೋಲು ಹೊಡೆದರು. 2–1. ಅಂಗಡಿಯಲ್ಲಿ ಉಸಿರಿಲ್ಲ.

ನಮ್ಮಲ್ಲೊಬ್ಬ ಮಾತ್ರ ಬೇರೆ ಥರ ಸುಮ್ಮನಾಗಿದ್ದ. ಅವನು ಮೊಬೈಲಿನಲ್ಲಿ ಬೆಟ್ಟಿಂಗ್ ಆ್ಯಪಿಗೆ 2,000 ರೂಪಾಯಿ ಕಟ್ಟಿದ್ದನೆಂದು ನಮಗೆ ಗೊತ್ತೇ ಇರಲಿಲ್ಲ. ಮರುದಿನ ಜರ್ಮನಿ ಮತ್ತು ಜಪಾನ್. ಹೋದ ಹಣ ತರಬೇಕೆಂದು ಜರ್ಮನಿಗೆ 5,000 ಕಟ್ಟಿದ. ಜರ್ಮನಿಯೂ ಮೊದಲು ಗೋಲು ಹೊಡೆದು 2–1ರಲ್ಲಿ ಸೋತಿತು. ಜರ್ಮನಿಯನ್ನೇ ಸೋಲಿಸಿದವರಲ್ಲವೇ ಅಂತ 27ರಂದು ಜಪಾನ್ ಮೇಲೆ 11,000 ಕಟ್ಟಿದ. ಕೋಸ್ಟರಿಕಾ ಒಂದೇ ಗೋಲಿನಲ್ಲಿ ಜಪಾನನ್ನು ಸೋಲಿಸಿತು.

ಮೂರು ಪಂದ್ಯ, 18,000 ರೂಪಾಯಿ. ಅವನ ಫೀಸಿಗೆಂದು ಅಮ್ಮ ಸ್ವಸಹಾಯ ಸಂಘದಿಂದ ತೆಗೆದ ಸಾಲ ಅದು. ಅವರು ತೋಟದಲ್ಲಿ ಕಾಫಿ ಕೊಯ್ದು ವಾರವಾರ ಕಂತು ತೀರಿಸಿದರು. ಅವನು ಒಂದು ವರ್ಷ ಕಾಲೇಜು ಬಿಟ್ಟು ಮೈಸೂರಿನಲ್ಲಿ ಹೋಟೆಲ್ ಕೆಲಸ ಮಾಡಿದ. ಅಂಗಡಿಗೂ ಬರಲಿಲ್ಲ, ನಮ್ಮ ಫೋನೂ ಎತ್ತಲಿಲ್ಲ. ಡಿಸೆಂಬರ್ 18ರಂದು ಅರ್ಜೆಂಟೀನಾ ಫ್ರಾನ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿದಾಗ ಊರೆಲ್ಲ ಪಟಾಕಿ. ನಮ್ಮ ಬೆಂಚಿನಲ್ಲಿ ಒಂದು ಜಾಗ ಖಾಲಿ.

ಎಷ್ಟೋ ದಿನ ನಾವು ಅವನನ್ನೇ ಬೈದುಕೊಂಡೆವು. ಈಚೆಗೆ ಅವನೇ ಒಂದು ಮಾತು ಹೇಳಿದ: "ನನಗೆ ಫುಟ್‌ಬಾಲ್ ಏನು ಗೊತ್ತಿತ್ತು? ನೀವು ಪಕ್ಕಾ ಅಂದ್ರಿ, ನಾನು ಕಟ್ಟಿದೆ." ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮಗೆ ಅದು ಟೀ ಅಂಗಡಿಯ ಮಾತು, ತಪ್ಪಾದರೆ ನಗುವುದಕ್ಕೊಂದು ನೆಪ. ಅವನಿಗೆ ಅದು ಅಮ್ಮನ ಸಾಲ.

ಅವನು ಲೆಕ್ಕವನ್ನೂ ವಿವರಿಸಿದ. ಅರ್ಜೆಂಟೀನಾದಂಥ ದೊಡ್ಡ ತಂಡಕ್ಕೆ 100 ರೂಪಾಯಿ ಕಟ್ಟಿ ಗೆದ್ದರೆ ಮೇಲೆ ಸಿಗುವುದು ಹತ್ತೋ ಹದಿನೈದೋ. ಸೋತರೆ ನೂರೂ ಹೋಯಿತು. ಹತ್ತು ರೂಪಾಯಿಯ ಲಾಭ ಸಣ್ಣದೆನಿಸಿ ಜನ ಸಾವಿರಗಟ್ಟಲೆ ಕಟ್ಟುತ್ತಾರೆ. ಯಾರು ಗೆದ್ದರೂ ಆ್ಯಪಿನವನಿಗೆ ಅವನ ಪಾಲು ಉಳಿಯುವ ಹಾಗೇ ದರ ಇಟ್ಟಿರುತ್ತಾರೆ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೂ ನಮ್ಮ ಮೊಬೈಲಿಗೆ ಲಿಂಕ್ ಬರುತ್ತಲೇ ಇವೆ. ನಿಮಗೂ ಬಂದಿರಬಹುದು. ಒತ್ತಬೇಡಿ. ಮನೆಯಲ್ಲಿ ಹುಡುಗರಿದ್ದರೆ, ಬೈಯದೆ ಒಮ್ಮೆ ಕೇಳಿ ನೋಡಿ.

ಹಾಗಂತ ಭವಿಷ್ಯ ಹೇಳುವುದನ್ನು ಬಿಡುವವರಲ್ಲ ನಾವು. ಅದಿಲ್ಲದೆ ವಿಶ್ವಕಪ್ಪೇ ಇಲ್ಲ. ಇಕ್ಕನ ಅಂಗಡಿಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾರು ಬೇಕಾದರೂ ಬರೆಯಬಹುದು. ತಪ್ಪಾದವರು ಸರಿಯಾದವರಿಗೆ ಟೀ ಕುಡಿಸಬೇಕು, ಅಷ್ಟೇ. ಪಕ್ಕಾ ಅನ್ನುವ ಪದ ಮಾತ್ರ ಬಳಸುವ ಹಾಗಿಲ್ಲ.

ರೈಟರಣ್ಣ ಮೊದಲ ಪುಟದಲ್ಲೇ ಬ್ರೆಜಿಲ್ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಮೊನ್ನೆ ಸಂಜೆ ನಮ್ಮ ಗೆಳೆಯನೂ ಬಂದ. ಈ ಕಥೆ ಬರೆಯಿರಿ, ಹೆಸರು ಬೇಡ ಅಂದವನೂ ಅವನೇ. ನೋಟ್‌ಬುಕ್ ತಿರುವಿ ಹಾಕಿ ಫ್ರಾನ್ಸ್–ಸೆನೆಗಲ್ ಪಂದ್ಯ ಹುಡುಕಿದ. 2002ರಲ್ಲಿ ಮೊದಲ ಪಂದ್ಯದಲ್ಲೇ ಸೆನೆಗಲ್ ಆಗಿನ ಚಾಂಪಿಯನ್ ಫ್ರಾನ್ಸನ್ನು 1–0ರಲ್ಲಿ ಸೋಲಿಸಿತ್ತು. ಈ ಸಲವೂ ಅಷ್ಟೇ ಅಂತ ಬರೆದ.

"ಅದಾಗಲ್ಲ ಬಿಡೋ" ಅಂದೆವು.

"ಆಗದಿದ್ದರೆ ಟೀ ನಂದು" ಅಂದ. ಇಕ್ಕ ಐದು ಗ್ಲಾಸು ತಂದಿಟ್ಟರು.